ಆ ಪಾತೇಲಿ ಒಲೆಗೆ ಏರಬಾರದು

ಚಿಕ್ಕೋಡಿ
ಗುರುವಾರ, 23 ನವೆಂಬರ್ 2006
ಮಧ್ಯಾಹ್ನ ನಾಲ್ಕೂವರೆ

ಅತ್ತೆಯವರಿಗೆ,

ಮೊದಲು ‘ಪ್ರೀತಿಯ’ ಎಂದು ಬರೆದು ಆಮೇಲೆ ಹೊಡೆದಿದ್ದೇನೆ. ಕಾಣುತ್ತಿದ್ದರೆ ಕಾಣಲಿ, ಬೇರೆ ಹಾಳೆ ತೆಗೆಯಲು ಹೊತ್ತಿಲ್ಲ. ನಿಮ್ಮ ಮೊಣಕಾಲು ನೋವು ಹೇಗಿದೆ, ನಿಮ್ಮ ಮಗಳು ಪೂನಮಳ ಸೊಂಟ ಹೇಗಿದೆ, ಅವಳ ಕೂಸು ಹೇಗಿದೆ? ಕೇಳಬೇಕಾದ್ದನ್ನು ಕೇಳಿದ್ದೇನೆ. ಇದರಲ್ಲಿ ಕೂಸಿನದ್ದನ್ನು ಮಾತ್ರ ನಿಜವಾಗಿ ಕೇಳುತ್ತಿದ್ದೇನೆ.

ಮಧ್ಯಾಹ್ನ ಮೂರು ಹತ್ತಕ್ಕೆ ಗೋಡೆ ಕೆರೆಯುವ ಸಪ್ಪಳಕ್ಕೆ ಎಚ್ಚರವಾಯಿತು. ಇಲಿ ಇರಬೇಕೆಂದು ಕಣ್ಣು ಮುಚ್ಚಿಯೇ ನೆಲಕ್ಕೆ ಕೈ ಬಡಿದೆ. ಇಲಿ ಅಲ್ಲ, ಬಾಳೂ. ಹಾಸಿಗೆಯಿಂದ ಇಳಿದು ಮೂಲೆಗೆ ಹೋಗಿ, ಉಗುರಿನಿಂದ ಗೋಡೆಯ ಸುಣ್ಣ ಕೆರೆದು ಬಾಯಿಗೆ ಹಾಕಿಕೊಳ್ಳುತ್ತಿದ್ದ. ಎರಡು ವರ್ಷದ ಕೂಸು, ಕಳ್ಳನ ಹಾಗೆ ನನ್ನ ಕಡೆ ಬೆನ್ನು ಮಾಡಿ ಕೂತಿತ್ತು. ರಾತ್ರಿಯೆಲ್ಲ ಹೊಟ್ಟೆನೋವಿಗೆ ಬಿಲ್ಲಿನಂತೆ ಬಾಗಿ ಅಳುತ್ತಾನೆ; ನಾನು ಒಂದೇ ಸಮನೆ ಎರಡು ತಾಸು ಮಲಗಿ ಎಷ್ಟು ದಿನವಾಯಿತೋ ಲೆಕ್ಕ ತಪ್ಪಿದೆ. ಅವನ ತುಟಿಯ ಸುಣ್ಣ ಒರೆಸುತ್ತಿದ್ದಾಗಲೇ ಫೋನು ರಿಂಗಾಯಿತು. ಮಿರಜಿನ ಡಾಕ್ಟರಬಾಯಿ. ಮುಂಬಯಿಗೆ ಕಳಿಸಿದ್ದ ರಕ್ತದ ರಿಪೋರ್ಟು ಬಂದಿದೆ. ಬಾಳೂನ ರಕ್ತದಲ್ಲಿ ಸೀಸ ಇದೆ. ಪೆನ್ಸಿಲ್ಲಿನ ಸೀಸವಲ್ಲ, ಬ್ಯಾಟರಿಗೆ ಮತ್ತು ಬಂದೂಕಿನ ಗುಂಡಿಗೆ ಹಾಕುವ ಸೀಸ. ಅದು ಬಂದದ್ದು ನಿಮ್ಮ ಹಿತ್ತಾಳೆ ಪಾತೇಲಿಯ ಒಳಗಿನಿಂದ. ಆ ಪಾತೇಲಿ ಈಗ ಐನಾಪುರದಲ್ಲಿ, ಪೂನಮಳ ಮನೆಯಲ್ಲಿ, ನಿಮ್ಮ ಹತ್ತಿರ ಇದೆ. ನಾಳೆ ಬೆಳಗ್ಗೆ ಪೂನಮಳ ಮಗಳ ಉಷ್ಟಾವಣ; ಆರು ತಿಂಗಳ ಕೂಸಿನ ಬಾಯಿಗೆ ಮೊದಲ ಸಲ ಅನ್ನ ಹಚ್ಚುವ ಪಾಯಸವನ್ನು ನೀವು ಬೇರೆ ಯಾವ ಪಾತ್ರೆಯಲ್ಲೂ ಮಾಡುವವರಲ್ಲ. ಅದರಲ್ಲಿ ಮಾಡಬೇಡಿ. ಪತ್ರವನ್ನು ಇಲ್ಲಿಗೇ ಹರಿದು ಒಲೆಗೆ ಹಾಕಿದರೂ ಅಡ್ಡಿಯಿಲ್ಲ, ಆ ಒಲೆಯ ಮೇಲೆ ಆ ಪಾತೇಲಿ ಇರದಿದ್ದರೆ ಸಾಕು.

ಇದನ್ನು ಬಾಯಿಂದಲೇ ಹೇಳಲು ಹನ್ನೊಂದು ಸಲ ಫೋನ್ ಮಾಡಿದ್ದೇನೆ. ಮೊದಲ ಸಲ ನಿಮ್ಮ ಅಳಿಯ ಸುಧೀರ ಎತ್ತಿದರು. ನಾನು ‘ಪಾತೇಲಿ’ ಎನ್ನುವಷ್ಟರಲ್ಲಿ, “ವೈನಿ, ಕೈ ಮುಗಿತೀನ್ರಿ, ನಾಳಿ ಮನಿಯಾಗ ಕಾರ್ಯಕ್ರಮ ಐತಿ. ಪಾತೇಲಿ ಜಗಳ ಆಮ್ಯಾಲ ಇಟ್ಕೊಳ್ಳೂಣು. ನಾವೇನ್ ಅದನ್ನ ನುಂಗೂದಿಲ್ರಿ,” ಎಂದರು. ಹಿಂದಿನಿಂದ ನಿಮ್ಮ ದನಿ ಕೇಳಿಸಿತು: “ಬೇಕಂದ್ರ ಬಂದು ಒಯ್ಯಂತ ಹೇಳ, ಕಾಲಾಗ ದಮ್ಮ ಇದ್ರ.” ಆಮೇಲೆ ಹತ್ತು ಸಲ ಗಂಟೆ ಹೋಯಿತು, ಹತ್ತು ಸಲವೂ ಕಟ್. ನಾನು ಪಾತೇಲಿ ವಾಪಸ್ ಕೇಳುತ್ತಿದ್ದೇನೆಂದು ತಿಳಿದಿದ್ದೀರಿ. ಅದು ನನಗೆ ಬೇಡ. ಬಾವಿಗೆ ಎಸೆದರೂ ಬೇಡ. ನಿಮ್ಮ ಮಗ ನಸುಕಿಗೇ ನಿಪ್ಪಾಣಿ–ಮುಂಬಯಿ ಗಾಡಿ ತೆಗೆದುಕೊಂಡು ಹೋದವರು, ಸ್ಟೇರಿಂಗ್ ಹಿಡಿದರೆ ಮೊಬೈಲನ್ನು ಬ್ಯಾಗಿನ ತಳಕ್ಕೆ ಹಾಕುವವರು, ಬರುವುದು ಶನಿವಾರ. ನಾನೇ ಬರೋಣವೆಂದರೆ, ಬಾಳೂನನ್ನು ಬಸ್ಸಿನಲ್ಲಿ ಕುಲುಕಾಡಿಸಬೇಡಿ, ಕೈಕಾಲು ಸೆಟೆದರೆ ಜೀಪು ಮಾಡಿಕೊಂಡು ಅದೇ ಕ್ಷಣ ಮಿರಜಿಗೆ ತನ್ನಿ, ಇಲ್ಲವಾದರೆ ನಾಳೆ ಒಂಬತ್ತಕ್ಕೆ ಅಡ್ಮಿಟ್ ಮಾಡುತ್ತೇನೆ ಎಂದಿದ್ದಾರೆ ಡಾಕ್ಟರಬಾಯಿ. ಸೀಸ ತೆಗೆಯುವ ಔಷಧ ಪುಣೆಯಿಂದ ಬರಬೇಕಂತೆ. ಹಾಗಾಗಿ ಈ ಪತ್ರ. ಏಳಕ್ಕೆ ಇಲ್ಲಿಂದ ಹೊರಟು ರಾತ್ರಿ ಐನಾಪುರದಲ್ಲೇ ನಿಲ್ಲುವ ವಸ್ತಿ ಬಸ್ಸಿನ ಕಂಡಕ್ಟರ್ ಧರೆಪ್ಪ ತಂದು ಕೊಡುತ್ತಾನೆ, ನಿಮ್ಮ ಕೈಗೇ, ಸುಧೀರರ ಕೈಗಲ್ಲ. ಬಾಯಿಮಾತು ಹೇಳಿ ಕಳಿಸಬಹುದಿತ್ತು. ಆದರೆ ನೀವು ಅವನಿಗೆ ಒಂದು ಕಪ್ಪು ಚಹಾ ಕೊಟ್ಟು, ಎರಡು ಚಕ್ಕುಲಿ ಇಟ್ಟು, ಸೊಸೆಗೆ ತಲೆ ಕೆಟ್ಟಿದೆ ಎಂದು ಅವನ ಬಾಯಿಂದಲೇ ಒಪ್ಪಿಸಿ ಕಳಿಸುತ್ತೀರಿ. ನಿಮ್ಮ ಆ ವಿದ್ಯೆ ನನಗೆ ಗೊತ್ತು.

ಈಗ ಮೊದಲಿನಿಂದ ಹೇಳುತ್ತೇನೆ, ಯಾಕೆಂದರೆ ಕಾರಣ ಹೇಳದೆ ಹೇಳಿದ್ದನ್ನು ನೀವು ಯಾವತ್ತೂ ಕೇಳಿದವರಲ್ಲ. ಕಾರಣ ಹೇಳಿದರೂ ಕೇಳಿದವರಲ್ಲ, ಅದು ಬೇರೆ. ಈ ವರ್ಷ ಮೇ ತಿಂಗಳಲ್ಲಿ ಬಾಳೂ ಎದೆಹಾಲು ಬಿಟ್ಟಾಗ ನೀವು ಅಟ್ಟದಿಂದ ಆ ಪಾತೇಲಿ ಇಳಿಸಿದಿರಿ. ನೀವು ಮದುವೆಯಾಗಿ ಬರುವಾಗ ಹುಟ್ಟಿದ ಮನೆಯಿಂದ ತಂದದ್ದು, ಕಂಠದ ಮೇಲೆ ನಿಮ್ಮಪ್ಪನ ಹೆಸರು ಕೊರೆದದ್ದು. “ಈ ಮನಿ ಕೂಸುಗೋಳು ಹಿತ್ತಾಳಿ ಹಾಲ ಕುಡದು ಬೆಳದಾವು. ಸ್ಟೀಲಿನ್ಯಾಗ ಕಾಸಿದ್ದು ಹಾಲಲ್ಲ, ಬಿಳೀ ನೀರು,” ಎಂದಿರಿ. ಹಾಲು ಕಾಯಿಸಿ ರಾತ್ರಿಯಿಡೀ ಅದರಲ್ಲೇ ಇಡುವುದು ನಿಮ್ಮ ಪದ್ಧತಿ. ನಾನು ಕೆಮಿಸ್ಟ್ರಿ ಓದಿ ಬಿ.ಎಸ್ಸಿ. ಮುಗಿಸಿದವಳು. ಕಲಾಯಿ ಇಲ್ಲದ ಹಿತ್ತಾಳೆಯಲ್ಲಿ ಹಾಲಿಟ್ಟರೆ ತಾಮ್ರ ಹಾಲಿಗೆ ಇಳಿಯುತ್ತದೆ, ಕೂಸಿನ ಪಿತ್ತಕೋಶದ ಹತ್ತಿರ, ಯಕೃತ್ತಿನಲ್ಲಿ ಹೋಗಿ ಕೂರುತ್ತದೆ, ಹೊಟ್ಟೆ ಉಬ್ಬಿ ಕಣ್ಣು ಹಳದಿಯಾಗಿ ಮಕ್ಕಳು ಹೋಗುತ್ತಾರೆ ಎಂದು ನಮ್ಮ ಮೇಡಂ ಹೇಳಿದ್ದು ನನಗೆ ನೆನಪಿತ್ತು. ತಾಮ್ರವೂ ದೇಹಕ್ಕೆ ಬೇಕು, ಕಬ್ಬಿಣ ಬೇಕು, ಸತು ಬೇಕು. ಎಲ್ಲವೂ ಚಿಟಿಕೆಗಿಂತ ಕಡಿಮೆ. ಆ ಅಳತೆ ಮೀರಿತೋ, ಕಾಪಾಡುವುದೇ ಕೊಲ್ಲುತ್ತದೆ. ಇಷ್ಟನ್ನು ಬಿಡಿಸಿ ಹೇಳಿದ್ದಕ್ಕೆ ನೀವು ಪಕ್ಕದ ಮನೆ ಲಕ್ಕವ್ವನನ್ನು ಕರೆದು, “ನೋಡಬೇ ಲಕ್ಕವ್ವ, ನಮ್ಮ ಸೊಸಿ ಕೂಸ ಹಡದಿಲ್ಲ, ಪುಸ್ತಕ ಹಡದಾಳ,” ಎಂದಿರಿ. ಲಕ್ಕವ್ವ ಸೆರಗು ಬಾಯಿಗೆ ಒತ್ತಿ ನಕ್ಕಳು. ಆ ನಗೆಯನ್ನು ನಾನು ನುಂಗಿದೆ, ಆದರೆ ಅರಗಿಸಿಕೊಳ್ಳಲಿಲ್ಲ. ಮುಂದಿನದ್ದೆಲ್ಲ ಅಲ್ಲಿಂದ ಬಂತು.

ಜೂನಿನಲ್ಲಿ ನೀವು ದಿಂಡಿಯ ಜೊತೆ ಪಂಢರಪುರಕ್ಕೆ ನಡೆದು ಹೋದಿರಿ. ನೀವು ಹೋದ ಮೂರನೇ ದಿನ ಓಣಿಯಲ್ಲಿ ಕಲಾಯಿಯವನು ಕೂಗಿದ. ನಮ್ಮ ಕಡೆಯವನಲ್ಲ, ಮೊದಲು ನೋಡಿದ ಮುಖವಲ್ಲ. ಬೇವಿನ ಗಿಡದ ಕೆಳಗೆ ಕುಣಿ ತೋಡಿ, ತಿದಿ ಹೂಡಿ, ಇದ್ದಿಲು ಕೆಂಪಗೆ ಮಾಡಿದ. ಮೊದಲು ಲಕ್ಕವ್ವನ ಹಂಡೆ, ಆಮೇಲೆ ನಮ್ಮ ಪಾತೇಲಿ ಮತ್ತು ಒಂದು ತಂಬಿಗೆ. ನಿಮಗೆ ಗೊತ್ತಿಲ್ಲದ ಮಾತು ಈಗ ಬರುತ್ತದೆ, ಕನ್ನಡಕ ಹಾಕಿಕೊಂಡು ಓದಿ. ಕಲಾಯಿಗೆ ಹಾಕುವ ತವರದ ಕಡ್ಡಿಯನ್ನು ಬಗ್ಗಿಸಿದರೆ ಕಿರ್ ಎಂದು ಸಣ್ಣಗೆ ಒರಲುತ್ತದೆ. ಕಾಲೇಜಿನ ಲ್ಯಾಬಿನಲ್ಲಿ ಅದನ್ನು ಕಿವಿಯ ಹತ್ತಿರ ಹಿಡಿದು ನಾವೆಲ್ಲ ನಕ್ಕಿದ್ದೆವು. ಸೀಸದ ಕಡ್ಡಿ ಬಾಗಿದರೂ ತುಟಿ ಬಿಚ್ಚುವುದಿಲ್ಲ. ಲಕ್ಕವ್ವನ ಹಂಡೆಗೆ ಅವನು ಮುರಿದ ಕಡ್ಡಿ ಒರಲಿತು. ಅದು ಮುಗಿದು ನಮ್ಮ ಪಾತೇಲಿಗೆ ಜೋಳಿಗೆಯ ಇನ್ನೊಂದು ಕಡೆಯಿಂದ ತೆಗೆದದ್ದು ಮಂಕಾಗಿತ್ತು, ಬಾಗಿತು, ಸದ್ದಿಲ್ಲ. ನಾನು ಎರಡು ಮಾರು ದೂರದಲ್ಲಿ ಬಾಳೂನನ್ನು ಸೊಂಟದ ಮೇಲೆ ಇಟ್ಟುಕೊಂಡು ನಿಂತಿದ್ದೆ. ಕೇಳಿದೆ ಕೂಡ: ಅಣ್ಣಾ, ಇದು ಖರೇ ತವರಾ? “ಬಾಯಾರ, ಪಕ್ಕಾ ಮಾಲ್ ರಿ. ನಿಮ್ಮ ಮಮ್ಮಕ್ಕಳ ತನಕ ಹೋಗೂದಿಲ್ಲ,” ಎಂದ. ತವರ ಅಷ್ಟು ಗಟ್ಟಿಯಲ್ಲ, ವರ್ಷ ಎರಡು ವರ್ಷಕ್ಕೆ ಸವೆಯುತ್ತದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಾದೆ. ನವಸಾಗರದ ಪುಡಿ ಉದುರಿಸಿದಾಗ ಬಿಳಿ ಹೊಗೆ ಎದ್ದು, ಅವನು ಅರಳೆಯಿಂದ ಒಂದು ಸುತ್ತು ಒರೆಸಿದ ಕೂಡಲೇ ಪಾತೇಲಿಯ ಒಳಗೆ ಹುಣ್ಣಿಮೆ ಮೂಡಿತು. ನೀವು ಬರುವಷ್ಟರಲ್ಲಿ ನಾನು ಗೆದ್ದಿರುತ್ತೇನೆ ಎಂಬುದೊಂದೇ ಆಗ ನನ್ನ ತಲೆಯಲ್ಲಿ ಇದ್ದದ್ದು.

ನೀವು ಬಂದಿರಿ, ನೋಡಿದಿರಿ, “ನಮ್ಮಪ್ಪನ ಪಾತೇಲಿಗೆ ಪೌಡರ್ ಬಡದು ಕೂಡಿಸ್ಯಾಳ, ಮದಿಮಗಳಂಗ,” ಎಂದು ಎರಡು ದಿನ ಮುಖ ಊದಿಸಿದಿರಿ. ಮೂರನೇ ದಿನ ಅದರಲ್ಲೇ ಹಾಲಿಟ್ಟಿರಿ. ನಾನು ಅಷ್ಟಕ್ಕೇ ನಿಲ್ಲಲಿಲ್ಲ. ಹಿತ್ತಾಳೆಗೆ ಹುಳಿ ಮುಟ್ಟಿಸಬಾರದು ಎಂದು ನೀವು ಹೇಳುತ್ತಿದ್ದಿರಿ. ಕಲಾಯಿ ಇದ್ದರೆ ಮುಟ್ಟಿಸಬಹುದು ಎಂದು ತೋರಿಸಲೆಂದೇ ನಾನು ಅದರಲ್ಲಿ ಹೆಪ್ಪು ಹಾಕಿದೆ, ಮಜ್ಜಿಗೆ ಇಟ್ಟೆ, ಮಜ್ಜಿಗೆಯಲ್ಲಿ ಅಂಬಲಿ ಕಲಸಿ ಬಾಳೂಗೆ ಹೊತ್ತಿಗೊಂದು ಬಟ್ಟಲು ಕುಡಿಸಿದೆ. ಹುಳಿ ಸೀಸವನ್ನು ಹಾಲಿಗಿಂತ ಬೇಗ ಕರಗಿಸುತ್ತದೆ. ಇದೂ ಪುಸ್ತಕದಲ್ಲಿ ಇತ್ತು. ಇನ್ನು ನಿಮ್ಮ ಪಾಲು: ಹಾಲು ಹೊಯ್ದ ಮೇಲೆ ತಳಕ್ಕೆ ಹಿಡಿದ ಕೆರಕಲನ್ನು ಕಬ್ಬಿಣದ ಸವಟಿನಿಂದ ಕರಕರ ಕೆರೆದು, ಸಕ್ಕರೆ ಉದುರಿಸಿ ಬೆರಳಿನಿಂದ ಅವನ ನಾಲಿಗೆಗೆ ಹಚ್ಚುತ್ತಿದ್ದವರು ನೀವು. “ಆಯಿ ಕೈ ಖವಾ” ಎಂದು ಅದಕ್ಕೆ ಹೆಸರು ಬೇರೆ. ಕೆರೆದಾಗ ಬಂದದ್ದು ಕೆನೆ ಮಾತ್ರ ಎಂದುಕೊಂಡಿದ್ದೆವು ಇಬ್ಬರೂ. ಬೆಳ್ಳಗಿನ ಹೊಳಪು ತಳದಲ್ಲಿ ದಿನದಿನಕ್ಕೆ ತೇದು ಹಿತ್ತಾಳೆಯ ಹಳದಿ ಇಣುಕುತ್ತಿತ್ತಲ್ಲ, ಆ ಹೊಳಪು ಎಲ್ಲಿ ಹೋಯಿತು ಎಂದು ಒಂದು ದಿನವಾದರೂ ಕೇಳಿಕೊಂಡೆವಾ? ಬಾಳೂನ ಒಳಗೆ ಹೋಯಿತು.

ದಸರೆಯ ಹೊತ್ತಿಗೆ ಅವನಿಗೆ ಮಲ ಬಿಗಿಯತೊಡಗಿತು, ಮುಖ ಕೋರಾ ಕಾಗದವಾಯಿತು, ಮಣ್ಣು ಸುಣ್ಣ ಇದ್ದಿಲು ಎಲ್ಲವೂ ಬಾಯಿಗೆ. ನೀವು ಇಪ್ಪತ್ತೆಂಟು ವರ್ಷ ಅಂಗನವಾಡಿ ನಡೆಸಿದವರು. ತಾಲೂಕಿನ ಎಷ್ಟು ಮಕ್ಕಳನ್ನು ತಕ್ಕಡಿಯ ಚೀಲದಲ್ಲಿ ಕೂರಿಸಿ ತೂಗಿಲ್ಲ! ನಿವೃತ್ತಿಯಾದರೂ ಮೊಮ್ಮಗನ ತೂಕದ ಚಾರ್ಟನ್ನು ನೀವೇ ಬರೆದಿರಿ. ಅದನ್ನು ಇವತ್ತು ತೆಗೆದು ನೋಡಿದೆ. ಸೆಪ್ಟೆಂಬರಿನಿಂದ ಪ್ರತಿ ತಿಂಗಳೂ ಅವನ ಚುಕ್ಕೆಯನ್ನು ಹಸಿರು ಪಟ್ಟಿಯ ಒಳಗೇ ಇಟ್ಟಿದ್ದೀರಿ. ಲಕ್ಕವ್ವನ ಮನೆಯ ತೂಕದ ಮಷಿನ್ನಿನಲ್ಲಿ ಅವನು ಒಂದು ಕಿಲೋ ಕಡಿಮೆ. ಮೇಲಿನವರು ತಪಾಸಣೆಗೆ ಬಂದಾಗ ಮಾಡುತ್ತಿದ್ದ ಕೈಚಳಕವನ್ನು ಸ್ವಂತ ಮೊಮ್ಮಗನ ಮೇಲೂ ಮಾಡಿದಿರಾ? ನನಗೆ ತೋರಿಸಬಾರದೆಂದು ಮಾಡಿದಿರೋ, ನೀವೇ ನೋಡಬಾರದೆಂದು ಮಾಡಿದಿರೋ, ನಿಮಗೇ ಬಿಟ್ಟದ್ದು. ಕಬ್ಬಿಣದ ಟಾನಿಕ್ ಕುಡಿಸಿದಿರಿ, ಎರಡು ಬಾಟಲಿ ಮುಗಿದರೂ ರಕ್ತ ಏರಲಿಲ್ಲ. ಆಡುತ್ತಿದ್ದ ಇಪ್ಪತ್ತು ಇಪ್ಪತ್ತೈದು ಮಾತಿನಲ್ಲಿ ಈಗ ನಾಲ್ಕು ಉಳಿದಿವೆ. ಎಲ್ಲಕ್ಕಿಂತ ಮೊದಲು ಹೋದದ್ದು ನಿಮ್ಮನ್ನು ಕರೆಯುತ್ತಿದ್ದ ‘ಆಯಿ’. ನಿಮಗೆ ನೋವಾಗಲಿ ಎಂದೇ ಇದನ್ನು ಬರೆದಿದ್ದೇನೆ.

ಮಿರಜಿಗೆ ಹೋದ ದಿನ ಡಾಕ್ಟರಬಾಯಿ ಮೊಣಕಾಲಿನ ಎಕ್ಸ್‌ರೇ ತೆಗೆದು ಬೆಳಕಿಗೆ ಹಿಡಿದರು. ಎಲುಬಿನ ತುದಿಗೆ ಯಾರೋ ಸುಣ್ಣದ ಗೆರೆ ಎಳೆದ ಹಾಗಿತ್ತು. ಅವರು ಏನೂ ತೀರ್ಮಾನ ಹೇಳಲಿಲ್ಲ. ನಾನೇ ಮುಂದೆ ಬಿದ್ದು, ಮನೆಯಲ್ಲಿ ಹಿತ್ತಾಳೆ ಪಾತೇಲಿ ಇದೆ, ತಾಮ್ರ ಇರಬೇಕು ಎಂದೆ. ಕಲಾಯಿಯ ಮಾತು ಎತ್ತಲಿಲ್ಲ. ಎತ್ತಬೇಕೆಂದು ಹೊಳೆಯಲೂ ಇಲ್ಲ. ಕಲಾಯಿ ನನ್ನ ಔಷಧವಾಗಿತ್ತು, ರೋಗ ನಿಮ್ಮದಾಗಿತ್ತು. “ಎರಡೂ ನೋಡೂಣು ತಡೀರಿ, ತಾಮ್ರಾನೂ ನೋಡೂಣ, ಸೀಸಾನೂ ನೋಡೂಣ,” ಎಂದು ಅವರು ರಕ್ತ ತೆಗೆದು ಕಳಿಸಿದರು. ನಾನು ರಿಪೋರ್ಟಿಗೆ ಕಾಯಲಿಲ್ಲ. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ನಿಮಗೆ ಆ ಮಾತು ಅಂದೆ. ನಿಮ್ಮ ಮೊದಲ ಮಗ ವಿಠೋಬಾ ಒಂದೂವರೆ ವರ್ಷಕ್ಕೆ ಹೊಟ್ಟೆ ಉಬ್ಬಿ ಕಣ್ಣು ಹಳದಿಯಾಗಿ ಹೋದನಲ್ಲ, ಅವನನ್ನು ಕೊಂದದ್ದು ಇದೇ ಪಾತೇಲಿ, ಕುಡಿಸಿದವರು ನೀವು, ಈಗ ನನ್ನ ಮಗನ ಸರದಿ ಎಂದೆ. ನೀವು ಒಲೆಯ ಮುಂದೆ ಕೂತವರು ಏಳಲಿಲ್ಲ. “ಅಂವಾ ಹೋದ ಮ್ಯಾಲೆ ನಾ ಅಂಗನವಾಡಿ ಸೇರಿದ್ದು. ಮಂದಿ ಕೂಸರೆ ಉಳೀಲಿ ಅಂತ,” ಎಂದಷ್ಟೇ ಅಂದಿರಿ. ಅದಕ್ಕೂ ನನ್ನ ಬಾಯಿ ಸುಮ್ಮನಿರಲಿಲ್ಲ. ಎಷ್ಟು ಉಳಿದಾವೋ ಯಾರಿಗೆ ಗೊತ್ತು ಎಂದೆ. ಮರುದಿನ ನಸುಕಿನಲ್ಲಿ ಪಾತೇಲಿಯನ್ನು ಹಳೆ ಇಳಕಲ್ ಸೀರೆಯಲ್ಲಿ ಸುತ್ತಿ, ಬಗಲಿಗೆ ಕೂಸಿನ ಹಾಗೆ ಹಿಡಿದು ಬಸ್ಸು ಹತ್ತಿದಿರಿ. ನಾನು ಬಾಗಿಲಲ್ಲಿ ನಿಂತು ನೋಡಿದೆ. ಹೋಯಿತಲ್ಲ ಪೀಡೆ ಎಂದುಕೊಂಡೆ. ಪಾತೇಲಿ ಎಂದೇ ಅಂದುಕೊಳ್ಳಿ.

ಇವತ್ತು ಡಾಕ್ಟರಬಾಯಿ ಓದಿ ಹೇಳಿದರು. ತಾಮ್ರ ಎಷ್ಟಿರಬೇಕೋ ಅಷ್ಟಿದೆ. ಸೀಸ ಐವತ್ತೆಂಟು. ಒಂದು ಲೀಟರ್ ರಕ್ತದಲ್ಲಿ ಸಾಸಿವೆ ಕಾಳಿನ ಮೂರನೇ ಒಂದು ಪಾಲೂ ಆಗದಷ್ಟು, ಅಷ್ಟು ಸಾಕಂತೆ. ತಾಮ್ರ ಕಬ್ಬಿಣಗಳಿಗೆ ದೇಹದಲ್ಲಿ ಏನಾದರೊಂದು ಕೆಲಸವಿದೆ, ಸೀಸಕ್ಕೆ ಒಂದೂ ಇಲ್ಲ. ಕೆಲಸವಿಲ್ಲದೆ ಬಂದು ಬೇರೆಯವರ ಜಾಗದಲ್ಲಿ ಕೂರುತ್ತದೆ. ನಿಮಗೆ ತಿಳಿಯುವಂತೆ ಹೇಳಬೇಕೆಂದರೆ, ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ಮಂದಿ ಇರುತ್ತಾರಲ್ಲ, ಹಾಗೆ. ನಿಮ್ಮ ಟಾನಿಕ್ಕಿನ ಕಬ್ಬಿಣ ಎರಡು ಬಾಟಲಿಯೂ ನಿಂತುಕೊಂಡೇ ಪ್ರಯಾಣ ಮಾಡಿತು. ಸೀಸ ಸುಣ್ಣದ ಸೀಟು ಹಿಡಿದು ಎಲುಬಿಗೆ ಹೋಯಿತು, ಅದೇ ಆ ಬಿಳಿ ಗೆರೆ. ತಲೆಗೆ ಹೋಯಿತು, ಅದೇ ಆ ಮರೆತ ಮಾತುಗಳು. “ಮನಿಯಾಗ ಬ್ಯಾಟರಿ ಕೆಲಸ ಮಾಡ್ತೀರೇನ್ರಿ? ಕಣ್ಣಿಗೆ ಸುರುಮಾ ಹಚ್ತೀರಿ? ಏನಾರ ಭಸ್ಮ ಕೊಟ್ಟೀರಿ?” ಎಂದು ಒಂದೊಂದಾಗಿ ಕೇಳಿದರು. ಇಲ್ಲ, ಇಲ್ಲ, ಇಲ್ಲ ಎಂದೆ. “ಆ ಹಿತ್ತಾಳಿ ಭಾಂಡೆಕ್ಕ ಕಲಾಯಿ ಹಾಕ್ಸೀರೇನು?” ಎಂದರು. ಹಾಕಿಸಿದ್ದು ನಾನೇ ಎಂದೆ.

ಫೋನ್ ಇಟ್ಟು, ಜೂನಿನಲ್ಲಿ ಪಾತೇಲಿಯ ಜೊತೆಗೇ ಕಲಾಯಿ ಹಾಕಿಸಿದ್ದ ತಂಬಿಗೆ ಹುಡುಕಿದೆ. ಅದರಿಂದ ಬಾಳೂಗೆ ಏನೂ ಕುಡಿಸಿಲ್ಲ, ದೇವರ ಮುಂದೆ ನೀರು ತುಂಬಿಡುವ ತಂಬಿಗೆ. ಅದರ ಒಳಗಂಚಿಗೆ ಈ ಹಾಳೆಯನ್ನೇ ತಿಕ್ಕಿದ್ದೇನೆ. ಎಡಗಡೆಯ ಅಂಚಿನಲ್ಲಿರುವ ಬೂದುಬಣ್ಣದ ಗೆರೆ ನೋಡಿ. ಪಕ್ಕದಲ್ಲಿ ಸ್ಟೀಲಿನ ಲೋಟ ತಿಕ್ಕಿದ ಜಾಗ, ಅಲ್ಲಿ ಏನೂ ಇಲ್ಲ. ಸೀಸ ಕಾಗದದ ಮೇಲೆ ಬರೆಯುತ್ತದೆ. ನನ್ನ ಮಾತು ನಂಬಬೇಡಿ, ಯಾವತ್ತು ನಂಬಿದ್ದೀರಿ? ಪೂನಮಳ ಮನೆಯಲ್ಲಿ ಒಂದು ಬಿಳಿ ಹಾಳೆ ತೆಗೆದುಕೊಂಡು ನಿಮ್ಮ ಪಾತೇಲಿಯ ಒಳಗೆ, ತಳಕ್ಕಲ್ಲ, ಕಲಾಯಿ ಇನ್ನೂ ಉಳಿದಿರುವ ಕಂಠದ ಕೆಳಗೆ ತಿಕ್ಕಿ. ಸುಧೀರರನ್ನೂ ಕರೆದು ತೋರಿಸಿ. ಗೆರೆ ಬಾರದಿದ್ದರೂ ಅದರಲ್ಲಿ ಮಾಡಬೇಡಿ, ತಳದಲ್ಲಿ ಕಲಾಯಿ ಹೋಗಿ ಹಿತ್ತಾಳೆ ಬಿಚ್ಚಿಕೊಂಡಿದೆ, ಅಲ್ಲಿ ತಾಮ್ರ ಕಾಯುತ್ತಿದೆ. ತಿಕ್ಕಿ ತೊಳೆದರೆ ಹೋಗುವುದಿಲ್ಲ. ಹುಣಸೆಹಣ್ಣು ಹಾಕಿ ಬೆಳಗಿದರಂತೂ ಇನ್ನೂ ಹೆಚ್ಚು ಬಿಡುತ್ತದೆ. ನೀವು ಹಬ್ಬದ ಹಿಂದಿನ ರಾತ್ರಿ ಹುಣಸೆಹಣ್ಣಿನಿಂದಲೇ ಬೆಳಗುವವರು, ಅದಕ್ಕೆ ಹೇಳಿದೆ. ನಾಳೆಯ ಪಾಯಸ ಸ್ಟೀಲಿನ ಪಾತ್ರೆಯಲ್ಲಿ ಆಗಲಿ. ಬೀಗರ ಕಡೆ ಹತ್ತು ಮಂದಿ ಬಂದಿರುತ್ತಾರೆ, ಎಲ್ಲರ ಮುಂದೆ ನಿಮ್ಮಪ್ಪನ ಪಾತೇಲಿ ತೋರಿಸಬೇಕೆಂದಿದ್ದೀರಿ ಎಂದು ಗೊತ್ತು. ತೋರಿಸಿ. ಬೇಕಾದರೆ ಹೂವು ಏರಿಸಿ ಕಟ್ಟೆಯ ಮೇಲಿಡಿ. ಒಳಗೆ ಹನಿ ಹಾಲು ಬೀಳಬಾರದು.

ಈಗ ನೀವು ಕಾಯುತ್ತಿರುವ ಮಾತು. ಕ್ಷಮೆ ಕೇಳುತ್ತೇನೆಂದು ಈ ಹಾಳೆಗಳಲ್ಲಿ ಹುಡುಕಬೇಡಿ. ಸೀಸ ನನ್ನ ಕಲಾಯಿಯದು, ಒಪ್ಪಿದೆ. ಬರೆದು ಕೊಟ್ಟಿದ್ದೇನೆ, ಓಣಿಯಲ್ಲೆಲ್ಲ ಓದಿ ಹೇಳಿ, ಲಕ್ಕವ್ವನಿಗೆ ಎರಡು ಸಲ ಓದಿ. ಆದರೆ ಕ್ಷಮಿಸಿ ಎಂದು ಬರೆದೆನೋ, ನಿಮಗೆ ಅಷ್ಟೇ ಕೇಳಿಸುತ್ತದೆ. ಸೊಸೆ ಸೋತಳು, ಪಾತೇಲಿ ಗೆದ್ದಿತು ಎಂದು ಮೆರೆಸುತ್ತ ಬೆಳಗ್ಗೆ ಅದರಲ್ಲೇ ಹಾಲು ಉಕ್ಕಿಸುತ್ತೀರಿ. ನಾನು ನಿಮ್ಮ ಜೊತೆ ಐದು ವರ್ಷ ಒಂದೇ ಒಲೆಯ ಮೇಲೆ ಅಡುಗೆ ಮಾಡಿದವಳು. ನನ್ನ ಮೇಲೆ ಸಿಟ್ಟಿದ್ದಾಗ ಮಾತ್ರ ನೀವು ನನ್ನ ಮಾತನ್ನು ಪೂರ್ತಿ ಕೇಳುತ್ತೀರಿ, ತಪ್ಪು ಹುಡುಕಲು. ಹಾಗೇ ಕೇಳಿ, ಹಾಗೇ ಹುಡುಕಿ. ವಿಠೋಬಾನ ಬಗ್ಗೆ ಅಂದದ್ದು ಸುಳ್ಳೆಂದು ನಾನು ಬರೆಯಲಾರೆ, ಯಾಕೆಂದರೆ ಸುಳ್ಳೋ ಖರೆಯೋ ನನಗೆ ಗೊತ್ತಿಲ್ಲ, ಯಾರಿಗೂ ಇನ್ನು ಗೊತ್ತಾಗುವುದಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂಬಂತೆ ನಿಮ್ಮ ಮೇಲೆ ಎಸೆದೆ. ಎಸೆಯುವಾಗ ರುಚಿಯಾಗಿತ್ತು. ಆಮೇಲೆ ಈ ಹನ್ನೆರಡು ರಾತ್ರಿ ಬಾಳೂನನ್ನು ಭುಜಕ್ಕೆ ಹಾಕಿಕೊಂಡು ತಿರುಗುವಾಗ, ಮೂವತ್ತು ವರ್ಷದ ಹಿಂದೆ ಇದೇ ಪಡಸಾಲೆಯಲ್ಲಿ ನೀವು ಅವನನ್ನು ಹಾಕಿಕೊಂಡು ತಿರುಗಿದ್ದು ಕಣ್ಣಿಗೆ ಕಟ್ಟುತ್ತದೆ. ಕಟ್ಟಿದರೆ ಏನಾಯಿತು? ಇಬ್ಬರೂ ಓದಿದವರು, ಇಬ್ಬರೂ ತಿಳಿದವರು, ಇಬ್ಬರೂ ಕೂಸಿಗೆ ಒಳ್ಳೆಯದನ್ನೇ ಮಾಡಿದೆವು. ನಮ್ಮಂಥವರ ಕೈಗೆ ಮೂರನೆಯ ಕೂಸು ಸಿಗಬಾರದು, ಅಷ್ಟೇ ನಾನು ಕೇಳುವುದು.

ಪೂನಮಳಿಗೆ ನನ್ನ ಆಶೀರ್ವಾದ ಹೇಳಿ, ಅವಳು ಬೇಡವೆಂದರೂ ಹೇಳಿ. ಕೂಸಿನ ಎರಡೂ ಅಂಗಾಲಿಗೆ ನನ್ನ ಕಡೆಯಿಂದ ಮುತ್ತು. ಸುಧೀರರಿಗೆ ನಮಸ್ಕಾರ, ಇನ್ನೊಬ್ಬರ ಮಾತು ಮುಗಿಯುವವರೆಗೆ ಫೋನ್ ಹಿಡಿದಿರುವುದನ್ನು ಕಲಿಯಲಿ. ನಿಮಗೆ ನಮಸ್ಕಾರ, ಕಾಲು ಮುಟ್ಟಿ ಅಲ್ಲ, ಕೂತಲ್ಲಿಂದಲೇ. ತೊಡೆಯ ಮೇಲೆ ಬಾಳೂ ಮಲಗಿದ್ದಾನೆ, ಬಗ್ಗಲು ಬರುವುದಿಲ್ಲ.

ಇಂತಿ,
ನಿಮ್ಮ ಮಗನ ಹೆಂಡತಿ
ಭಾಗ್ಯಾ

ತಾ.ಕ.: ಧರೆಪ್ಪ ಬಾಗಿಲಲ್ಲಿ ನಿಂತಿದ್ದಾನೆ, “ವೈನಿ, ಲಗೂ ಮಾಡ್ರಿ, ಡ್ರೈವರ್ ಹಾರ್ನ್ ಹೊಡ್ಯಾಕತ್ತಾನ,” ಎನ್ನುತ್ತಿದ್ದಾನೆ. ಇಷ್ಟೆಲ್ಲ ಬರೆದು ಕೇಳಬೇಕಾದ್ದನ್ನೇ ಕೇಳಿಲ್ಲ. ಹನ್ನೆರಡು ದಿನದಿಂದ ಆ ಪಾತೇಲಿ ಪೂನಮಳ ಮನೆಯಲ್ಲಿದೆ. ಕೂಸಿಗೆ ಅದರಿಂದ ಈಗಾಗಲೇ ಏನಾದರೂ ಕೊಟ್ಟಿದ್ದೀರಾ? ಮುಹೂರ್ತಕ್ಕೆ ನೀವು ಕಾಯುವವರಲ್ಲ, ನನಗೆ ಗೊತ್ತು. ಬೆರಳು ಅದ್ದಿ ನೆಕ್ಕಿಸಿದ್ದೀರಾ? ಒಂದು ಸಲವೋ ದಿನಾಲೂ? ಪೂನಮ ಅದರ ಹಾಲು ಕುಡಿದು ಮೊಲೆ ಕೊಡುತ್ತಿದ್ದಾಳಾ? ಡಾಕ್ಟರಬಾಯಿಗೆ ಈ ಕೂಸಿನ ವಿಷಯವನ್ನೂ ಹೇಳಿದ್ದೇನೆ. ಪುಣೆಯಿಂದ ಔಷಧದ ಗಾಡಿ ನಸುಕಿನ ಐದಕ್ಕೆ ಬಿಡುತ್ತದೆ, ಅದಕ್ಕೆ ಮೊದಲು ತಿಳಿಸಿದರೆ ಎರಡನೆಯ ಕೂಸಿಗೂ ತರಿಸಿ ಇಟ್ಟುಕೊಳ್ಳುತ್ತೇನೆ, ಕರೆತಂದ ಕೂಡಲೇ ರಕ್ತ ನೋಡುತ್ತೇನೆ ಎಂದಿದ್ದಾರೆ. ನನ್ನ ದನಿ ಕೇಳಲು ಮನಸ್ಸಿಲ್ಲದಿದ್ದರೆ ಬೇಡ. ಕೊಟ್ಟಿಲ್ಲವಾದರೆ ಒಂದೇ ರಿಂಗ್ ಕೊಟ್ಟು ಇಟ್ಟುಬಿಡಿ, ನಾನು ಎತ್ತುವುದಿಲ್ಲ, ತಿಳಿದುಕೊಳ್ಳುತ್ತೇನೆ. ಕೊಟ್ಟಿದ್ದರೆ ಇಡಬೇಡಿ, ನಾನು ಎತ್ತುವವರೆಗೂ ಬಾರಿಸಿ. ಬೈಯುವುದಿದ್ದರೆ ಬೈಯಿರಿ, ವಿಠೋಬಾನ ಹೆಸರು ಹಿಡಿದು ಬೈಯಿರಿ, ಒಂದು ಮಾತೂ ಎದುರಾಡದೆ ಕೇಳಿಸಿಕೊಳ್ಳುತ್ತೇನೆ. ಬೆಳಗಾಗುವ ಮೊದಲು ಫೋನ್ ಮಾಡಿ. ಅತ್ತೀ, ಕಾಲು ಬೀಳುತ್ತೇನೆ, ಬೆಳಗಾಗುವ ಮೊದಲು ಫೋನ್ ಮಾಡಿ.